ಟವೆಲಿನ ಕೆಳಗಿನ ಕಾರು

ಪುಣೆಯ ಬಿಬವೇವಾಡಿಯ ಒಂದು ಹಳೆಯ ವಸತಿ ಸೊಸೈಟಿಯಲ್ಲಿ ಫಕೀರಪ್ಪನ ಕಾರನ್ನು ಜನ ನಂಬರು ನೋಡಿ ಗುರುತಿಸುತ್ತಿರಲಿಲ್ಲ, ಸೀನಿ ಗುರುತಿಸುತ್ತಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಅವನದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ಬ್ಯಾಡಗಿಯಿಂದ ಬಂದ ಮಾಲಿನ ಮಾದರಿ ಚೀಲ ಯಾವಾಗಲೂ ಹಿಂದಿನ ಸೀಟಿನಲ್ಲಿರುತ್ತಿತ್ತು. ಆ ಚೀಲದ ಪಕ್ಕದಲ್ಲಿ, ಮೂಗಿಗೆ ಸೆರಗು ಹಿಡಿದುಕೊಂಡು, ಅವನ ಹೆಂಡತಿ ಚನ್ನಬಸವ್ವ ಇರುತ್ತಿದ್ದಳು. ಬಾಗಿಲು ತೆರೆದರೆ ಮೊದಲು ಘಾಟು ಇಳಿಯುತ್ತಿತ್ತು, ಆಮೇಲೆ ಮನುಷ್ಯರು.

ಆ ಕಾರಿಗೆ ಹದಿನೈದು ವರ್ಷ ತುಂಬಿತು. ಶ್ರಾವಣ ಮುಗಿಯುವ ಹೊತ್ತಿಗೆ ಅದನ್ನು ಗುಜರಿಗೆ ಕೊಟ್ಟಾಯಿತು. ಕೊಂಡವನೂ ಸೀನುತ್ತಲೇ ಒಯ್ದ. ದಸರೆಗೆ ಹೊಸ ಕಾರು ಬಾಗಿಲಿಗೆ ಬರಬೇಕು ಎಂಬ ವಿಷಯದಲ್ಲಿ ಮನೆಯ ನಾಲ್ಕೂ ಜನರಿಗೆ ಒಮ್ಮತವಿತ್ತು. ಆ ಮನೆ ಒಮ್ಮತ ಕಂಡ ಕೊನೆಯ ದಿನ ಅದು.

ಮಗ ಮಾಂತು ಚಾಕಣದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು. ಅವನಿಗೆ ಹೈಬ್ರಿಡ್ ಬೇಕಿತ್ತು. ಅವನ ಹೆಂಡತಿ ಸಿಂಧು ಚನ್ನಪಟ್ಟಣದ ಹುಡುಗಿ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಅವಳಿಗೆ ಸಣ್ಣ ಎಲೆಕ್ಟ್ರಿಕ್ ಕಾರು ಬೇಕಿತ್ತು. ಇಬ್ಬರದೂ ಪ್ರೀತಿಸಿ ಆದ ಮದುವೆ. ಪ್ರೀತಿಸುವಾಗ ಕಾರಿನ ವಿಷಯ ಮಾತಾಡಿಕೊಳ್ಳುವುದನ್ನು ಮರೆತಿದ್ದರು ಎಂದು ಕಾಣುತ್ತದೆ.

ಭಾನುವಾರ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಮುಂದೆ ಮೊದಲ ಸುತ್ತು ನಡೆಯಿತು. ಹೈಬ್ರಿಡ್‌ನಲ್ಲಿ ಪೆಟ್ರೋಲೂ ಇರುತ್ತದೆ, ಬ್ಯಾಟರಿಯೂ ಇರುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಚಾರ್ಜಿಂಗಿನ ಕಾಟವಿಲ್ಲ ಎಂದು ಮಾಂತು ವಿವರಿಸಿದ. ಫಕೀರಪ್ಪ ರೊಟ್ಟಿ ಮುರಿಯುತ್ತ ಕೇಳಿದ. ಅವನಿಗೆ ಗೊತ್ತಿದ್ದ ಹೈಬ್ರಿಡ್ ಒಂದೇ, ಅದು ಜೋಳ.

"ಹೈಬ್ರಿಡ್ ಜ್ವಾಳದ ರೊಟ್ಟಿ ತಿಂದೀಯೇನ್ ಎಂದರ? ಬಡದ್ರ ಹರೀತದ, ತಿಂದ್ರ ರಬ್ಬರ್."

"ಅಪ್ಪಾ, ಅದು ಬ್ಯಾರೆ, ಇದು ಬ್ಯಾರೆ. ಇದು ದೊಡ್ಡ ಗಾಡಿ. ನಮ್ಮೂರ ಅಗಸ್ಯಾಗ ನಿಂತ್ರ ಮಂದಿ ಹೊಳ್ಳಿ ನೋಡಬೇಕ."

ಜೋಳ ಅಲ್ಲಿಗೆ ಮರೆತುಹೋಯಿತು. ವಿಜಯಪುರ ಜಿಲ್ಲೆಯ ತನ್ನೂರಿನ ಅಗಸಿ ಬಾಗಿಲಲ್ಲಿ ತನ್ನ ಕಾರು ನಿಂತಿರುವುದು, ಜನ ಹೊರಳಿ ನೋಡುವುದು ಫಕೀರಪ್ಪನ ಕಣ್ಣಿಗೆ ಕಟ್ಟಿತು. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಸಿಂಧು ಬಿಡಲಿಲ್ಲ. "ಮಾವ, ನಾವು ಊರಿಗೆ ಹೋಗೋದು ವರ್ಷಕ್ಕೆ ಒಂದ್ಸಲ. ದಿನಾ ಓಡೋದು ಇಲ್ಲೇ, ಇಪ್ಪತ್ತು ಕಿಲೋಮೀಟರ್ ಒಳಗೆ. ಅಷ್ಟಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ? ಸಣ್ಣ ಎಲೆಕ್ಟ್ರಿಕ್ ಸಾಕು. ಅತ್ತೆ ಮಂಡಿನೋವಿಗೂ ಒಳ್ಳೇದು, ಹತ್ತಿ ಇಳಿಯೋದು ಸುಲಭ."

"ಅವ್ವನ ಮೊಣಕಾಲಿಗೇ ಹೈಬ್ರಿಡ್ ಅನ್ನಾಕತ್ತೀನಿ ನಾ. ಒಳಗ ಜಾಗ ಭಾಳ ಅದ, ಕಾಲು ಚಾಚಬಹುದು."

ಹೀಗೆ ಚನ್ನಬಸವ್ವನ ಮೊಣಕಾಲು ಎರಡೂ ಪಕ್ಷದ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. ಆ ಮೊಣಕಾಲಿನ ಒಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ. ಅವಳಿಗೆ ಬೇಕಾಗಿದ್ದದ್ದು ಕಾರಿನಲ್ಲಿ ಕೂರುವ ಸುಖವಲ್ಲ, ಅದನ್ನು ತಾನೇ ಹೊಡೆಯಬೇಕಿತ್ತು. ಪುಣೆಗೆ ಬಂದು ಮೂವತ್ತು ವರ್ಷ ದಾಟಿದರೂ ಅವಳು ಎಲ್ಲಿಗೆ ಹೋಗಬೇಕೆಂದರೂ ಒಬ್ಬರಿಗಾಗಿ ಕಾಯಬೇಕು. ಗಂಡನ ಗಿರಾಕಿ ಹೋಗುವ ತನಕ, ಮಗನ ಸ್ನಾನ ಮುಗಿಯುವ ತನಕ, ರಿಕ್ಷಾದವನಿಗೆ ಮನಸ್ಸು ಬರುವ ತನಕ. ಹೋದ ಚಳಿಗಾಲದಲ್ಲಿ ಕಾತ್ರಜದಲ್ಲಿರುವ ಅವಳ ತಂಗಿ ನಾಗವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಗಂಡನಿಲ್ಲದ ಒಂಟಿ ಜೀವ. ಬೆಳಿಗ್ಗೆ ಫೋನು ಬಂದಾಗಿನಿಂದ ಚನ್ನಬಸವ್ವ ಸೀರೆಯುಟ್ಟು, ಕೈಚೀಲ ಹಿಡಿದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ಫಕೀರಪ್ಪನಿಗೆ ಲಾರಿಯ ಮಾಲು ಇಳಿಸಿಕೊಳ್ಳುವುದಿತ್ತು, ಮಾಂತುವಿಗೆ ಆಡಿಟ್ ಇತ್ತು. ಅವಳು ಆಸ್ಪತ್ರೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಮ್ಮಕ್ಕ ಬರ್ತಾಳ, ಬರ್ತಾಳ ಎಂದು ನಾಗವ್ವ ದಿನವೆಲ್ಲ ಎಲ್ಲರಿಗೂ ಹೇಳುತ್ತಿದ್ದಳಂತೆ. ಪಕ್ಕದ ಹಾಸಿಗೆಯವಳು ಇದನ್ನು ಹೇಳಿದಾಗ ಚನ್ನಬಸವ್ವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಆಮೇಲೆ ಅವಳು ಅಳುತ್ತ ಕೂರಲಿಲ್ಲ. ಸೊಸೆಗೆ ಹೇಳಿದಳು. ಸಿಂಧು ಯಾರಿಗೂ ಹೇಳದೆ ಅವಳನ್ನು ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದಳು. ಕಲಿಸುವವಳು ಶೀತಲ್ ಎಂಬ ಹುಡುಗಿ, ಮಾತು ಕಡಿಮೆ, ಬಯ್ಯುವುದು ಅದಕ್ಕಿಂತ ಕಡಿಮೆ. ಎಡ ಮೊಣಕಾಲಿಗೆ ಕ್ಲಚ್ ಒತ್ತುವುದಾಗದು ಎಂದು ಗೇರಿಲ್ಲದ ಕಾರನ್ನೇ ತರಿಸಿದ್ದಳು. ಗಂಡಸರ ಲೆಕ್ಕದಲ್ಲಿ ಚನ್ನಬಸವ್ವ ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದಳು. ಮೊಣಕಾಲು ನೋವಿನವಳು ಇಷ್ಟು ಹುರುಪಿನಿಂದ ವಾಕಿಂಗ್ ಹೋಗುವುದು ಹೇಗೆ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಭಾದ್ರಪದದ ಹೊತ್ತಿಗೆ ಅವಳು ಪರೀಕ್ಷೆಯನ್ನೂ ಪಾಸು ಮಾಡಿ ಲೈಸೆನ್ಸ್ ಪಡೆದಾಗಿತ್ತು. ಆ ದಿನ ಮನೆಯಲ್ಲಿ ಕಾರಣವಿಲ್ಲದೆ ಹೋಳಿಗೆಯಾಯಿತು, ಗಂಡಸರು ಕಾರಣ ಕೇಳದೆ ತಿಂದರು.

ಹೀಗಿರುವಾಗ ಹೈಬ್ರಿಡ್ ಬಂದರೆ ಅವಳ ಕಥೆ ಮುಗಿದಂತೆ. ಕಂಪನಿ ಬಸ್ಸು ಬಿಟ್ಟು ಅದರಲ್ಲೇ ಚಾಕಣಕ್ಕೆ ಹೋಗುತ್ತೇನೆಂದು ಮಾಂತು ಆಗಲೇ ಹೇಳಿದ್ದ. ಬೆಳಿಗ್ಗೆ ಹೋದ ಕಾರು ಕತ್ತಲಾದ ಮೇಲೆ ಬರುತ್ತದೆ. ಸಣ್ಣ ಎಲೆಕ್ಟ್ರಿಕ್ ಬಂದರೆ ಅಷ್ಟು ದೂರ ಅವನು ಒಯ್ಯುವುದಿಲ್ಲ, ಅವನ ಕಾರ್ಖಾನೆಯಲ್ಲಿ ಚಾರ್ಜ್ ಮಾಡುವ ಸೌಕರ್ಯವೂ ಇಲ್ಲ. ಕಾರು ದಿನವಿಡೀ ಮನೆಯ ಕೆಳಗೇ ಇರುತ್ತದೆ. ಬ್ಯಾಟರಿ, ಮೈಲೇಜು ಎಂದು ಉಳಿದವರು ಬಡಿದಾಡುತ್ತಿದ್ದರೆ ಚನ್ನಬಸವ್ವನಿಗೆ ಬೇಕಾದದ್ದು ಇಷ್ಟೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

"ಅತ್ತೆ, ಇವತ್ತು ಹೇಳಿಬಿಡಿ," ಎಂದು ಸಿಂಧು ದಿನವೂ ಒತ್ತಾಯಿಸುತ್ತಿದ್ದಳು.

"ತಡಿಯವ್ವಾ. ಅವರು ನಗತಾರ. ಬೈದ್ರ ತಡಕೋತೀನಿ, ನಕ್ರ ಆಗೂದಿಲ್ಲ."

ಫಕೀರಪ್ಪ ಅಷ್ಟರಲ್ಲಿ ಒಂದು ಕೆಲಸ ಮಾಡಿಬಿಟ್ಟ.

ಅದನ್ನು ಹೇಳುವ ಮೊದಲು ಅವನ ಟವೆಲಿನ ವಿಷಯ ಹೇಳಬೇಕು. ಹಿಂದೆಲ್ಲ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಒಪ್ಪಿಗೆಯಾದರೆ ಎದುರಿನವನ ಇಡೀ ಕೈಯನ್ನು ಬಿಗಿಯಾಗಿ ಹಿಡಿಯಬೇಕು. ಒಮ್ಮೆ ಹಾಗೆ ಹಿಡಿದರೆ ಮುಗಿಯಿತು, ಆಕಾಶ ಬಿದ್ದರೂ ಮಾತು ಹಿಂದೆ ಹೋಗುವಂತಿಲ್ಲ. ಈಗ ಯಾರ್ಡಿನಲ್ಲಿ ಆ ಪದ್ಧತಿ ನಿಂತುಹೋಗಿದೆ. ಫಕೀರಪ್ಪನ ಕೈಗೆ ಮಾತ್ರ ಅದು ಗೊತ್ತಾಗಿರಲಿಲ್ಲ. ಮಾವಿನಹಣ್ಣು ಕೊಳ್ಳುವಾಗಲೂ ಅವನ ಟವೆಲ್ ತಾನಾಗಿ ಹೆಗಲಿನಿಂದ ಜಾರುತ್ತಿತ್ತು.

ಒಂದು ಮಧ್ಯಾಹ್ನ ಮಾಂತುವಿನ ಜೊತೆ ಅವನು ಹೈಬ್ರಿಡ್ ಶೋರೂಮಿಗೆ ಹೋದ. ಸ್ವಪ್ನಿಲ್ ಎಂಬ ಹುಡುಗ ಕಾರು ತೋರಿಸಿದ. ಹಿಂದೆ ಎಷ್ಟು ಚೀಲ ಹಿಡಿಯುತ್ತದೆ ಎಂದು ಫಕೀರಪ್ಪ ಕೇಳಿದ್ದಕ್ಕೆ ಆ ಹುಡುಗ ಲೀಟರಿನಲ್ಲಿ ಉತ್ತರ ಕೊಟ್ಟ. ಮಾಂತು ಬಣ್ಣ ನೋಡಲು ಆಚೆ ಹೋದಾಗ ಫಕೀರಪ್ಪ ಸೋಫಾದಲ್ಲಿ ಹತ್ತಿರ ಸರಿದು, ಟವೆಲ್ ತೆಗೆದು ಸ್ವಪ್ನಿಲನ ಕೈಯ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದ. ಇಷ್ಟು ಬಿಡಬೇಕು ಎಂದು ಅದರ ಅರ್ಥ. ಇಷ್ಟು ಎಂದರೆ ಸಣ್ಣ ಮೊತ್ತವಲ್ಲ.

ಪಾಪ, ಸ್ವಪ್ನಿಲ್ ಇಪ್ಪತ್ತನಾಲ್ಕು ವರ್ಷದವನು. ಕೆಲಸಕ್ಕೆ ಸೇರಿದಾಗ ಕೊಟ್ಟ ತರಬೇತಿಯಲ್ಲಿ ಇದರ ಪಾಠವಿರಲಿಲ್ಲ. "ಕಾಕಾ, ಕಾಯ್ ಝಾಲಂ?" ಎಂದು ಏನಾಯಿತೆಂದು ಮೆಲ್ಲಗೆ ಕೇಳಿದ. ಬಾಯಿ ಬಿಡಬಾರದೆಂದು ಫಕೀರಪ್ಪ ಕಣ್ಣಲ್ಲೇ ಗದರಿಸಿ ಮತ್ತೆ ಬೆರಳು ಒತ್ತಿದ. ಮುದುಕ ಜೀವಮಾನದಲ್ಲಿ ಮೊದಲ ಸಲ ಹೊಸ ಕಾರು ಕೊಳ್ಳುತ್ತಿದ್ದಾನೆ, ಮನಸ್ಸು ತುಂಬಿ ಬಂದಿದೆ, ಮೆಣಸಿನಕಾಯಿ ಘಾಟಿಗೋ ಏನೋ ಕಣ್ಣೂ ಒದ್ದೆಯಾಗಿದೆ ಎಂದು ಆ ಹುಡುಗ ತಿಳಿದ. ತನ್ನ ಅಜ್ಜನ ನೆನಪಾಗಿ, ಅವನು ಫಕೀರಪ್ಪನ ಕೈಯನ್ನು ಪ್ರೀತಿಯಿಂದ ಬಿಗಿಯಾಗಿ ಹಿಡಿದ.

ಫಕೀರಪ್ಪ ಟವೆಲ್ ಕೊಡವಿ ಎದ್ದ. ಮಾಂತುವಿಗೆ, ವ್ಯಾಪಾರ ಆಯಿತು ಎಂದು ಹೇಳಿ ಬುಕಿಂಗ್ ಕಟ್ಟಿಸಿದ. ಯಾರ್ಡಿನಲ್ಲಿ ಅಂಗಡಿ ಅಂಗಡಿಗೆ ಪೇಢೆ ಹಂಚಿದ. ಆ ರಾತ್ರಿ ಊಟದಲ್ಲಿ ಅವನು ಹೊಡೆದ ವ್ಯಾಪಾರದ ವರ್ಣನೆ ಮುಗಿಯುವಷ್ಟರಲ್ಲಿ ಅನ್ನ ಆರಿತ್ತು. ಚನ್ನಬಸವ್ವನ ಮುಖವೂ ಬಾಡಿತ್ತು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು ಪಾತ್ರೆ ತಿಕ್ಕಿದಳು.

ಮರುವಾರ ಶೋರೂಮಿನಿಂದ ಬಿಲ್ಲಿನ ವಿವರ ಬಂತು. ಅದರಲ್ಲಿ ಪೂರ್ತಿ ಬೆಲೆಯಿತ್ತು. ಜೊತೆಗೆ ಒಂದು ಗಣಪತಿ ಮೂರ್ತಿ ಉಚಿತ ಎಂದಿತ್ತು.

ಫಕೀರಪ್ಪ ಚಹಾ ಬಟ್ಟಲು ಹಾಗೇ ಇಟ್ಟು ಸ್ಕೂಟರ್ ಏರಿ ಹೋದ. ಸ್ವಪ್ನಿಲ್ ಕೈಮುಗಿದು, ಕಾಕಾ, ನೀವು ಹಿಡಿದಿರಿ ಎಂದು ನಾನೂ ಹಿಡಿದೆ ಎಂದ. ಮ್ಯಾನೇಜರು ಬಂದ, ನೀರು ಕೊಟ್ಟ, ಟವೆಲಿನ ಕೆಳಗಿನ ಕರಾರು ಕಂಪ್ಯೂಟರಿನಲ್ಲಿ ಹತ್ತುವುದಿಲ್ಲ ಎಂದು ವಿನಯದಿಂದಲೇ ವಿವರಿಸಿದ. ಫಕೀರಪ್ಪ ಬುಕಿಂಗ್ ರದ್ದು ಮಾಡಿ ಮನೆಗೆ ಬಂದ.

"ಕೈ ಹಿಡದ ಮ್ಯಾಲ ಮಾತು ತಿರುಗಸಾಂವ ಮನಷ್ಯಾನೇ ಅಲ್ಲ," ಎಂದು ಅವನು ಆ ವಾರವೆಲ್ಲ ಹೇಳಿದ. ಮನೆಯಲ್ಲಿ ಹೇಳಿದ, ಯಾರ್ಡಿನಲ್ಲಿ ಹೇಳಿದ, ಹಾಲಿನವನಿಗೂ ಹೇಳಿದ. "ನಲವತ್ತ ವರ್ಷಾತು ದಂಧೆ ಮಾಡಾಕತ್ತು. ಕೈ ಹಿಡದು ನಾ ಒಮ್ಮೆನೂ ಹಿಂದ ಸರದಿಲ್ಲ."

ಮಾಂತುವಿಗೆ ಅವಮಾನವಾಗಿತ್ತು. ಅವನು ತನ್ನ ಆಫೀಸಿನಲ್ಲಿ ಕಾರಿನ ಫೋಟೊ ತೋರಿಸಿ ಮುಗಿಸಿದ್ದ. ಬೇರೆ ಶೋರೂಮಿನಲ್ಲಿ ಅದೇ ಹೈಬ್ರಿಡ್ ಕೊಳ್ಳೋಣ ಎಂದರೆ ಅಪ್ಪ ಆ ಹೆಸರೇ ಎತ್ತಬೇಡ ಎನ್ನುತ್ತಿದ್ದ. ಹಾಗಾದರೆ ಎಲೆಕ್ಟ್ರಿಕ್ ನೋಡೋಣವೇ ಎಂದು ಸಿಂಧು ಕೇಳಿದರೆ, ಗುರುವಾರ ಗುರುವಾರ ರಿಪೇರಿಗೆಂದು ಕರೆಂಟು ತೆಗೆದಾಗ ಗಾಡಿಯನ್ನು ದಬ್ಬಿಕೊಂಡು ಹೋಗಬೇಕೇ ಎಂದು ಮಾಂತು ಅನ್ನುತ್ತಿದ್ದ. ಸ್ವಂತ ಫೋನೇ ಚಾರ್ಜಿಗೆ ಹಾಕಲು ಮರೆಯುವ ಗಂಡನಿಗೆ ಚಾರ್ಜಿಂಗಿನ ಮೇಲೆ ಭಾಷಣವೇಕೆ ಎಂದು ಸಿಂಧು ಮಾಂತುವಿಗೆ ಅಂದಳು. ಅಲ್ಲಿಗೆ ಗಂಡ ಹೆಂಡತಿಯ ಮಾತು ನಿಂತಿತು. ಅಪ್ಪ ಮಗನ ಮಾತು ಮೊದಲೇ ನಿಂತಿತ್ತು. ಉಪ್ಪು ಬೇಕಾದರೂ ಎಲ್ಲರೂ ಚನ್ನಬಸವ್ವನ ಮೂಲಕವೇ ಕೇಳುತ್ತಿದ್ದರು.

ಚನ್ನಬಸವ್ವ ಸಿಟ್ಟು ಬಂದರೆ ಬಾಯಿ ಮಾಡುವವಳಲ್ಲ, ಉಪ್ಪಿಟ್ಟು ಮಾಡುವವಳು. ಸೋಮವಾರ ಉಪ್ಪಿಟ್ಟಾಯಿತು. ಮಂಗಳವಾರ ಉಪ್ಪಿಟ್ಟಾಯಿತು. ಬುಧವಾರ ಬೆಳಿಗ್ಗೆ ಒಗ್ಗರಣೆಯ ವಾಸನೆ ಬಂದಾಗಲೇ ಫಕೀರಪ್ಪ ಸೋತ. ಇನ್ನು ಇದನ್ನು ಮುಗಿಸಬೇಕು, ರಾತ್ರಿ ಊಟಕ್ಕೆ ಮೊದಲು ತೀರ್ಮಾನವಾಗಬೇಕು ಎಂದು ಸಾರಿದ.

ತೀರ್ಮಾನ ಹೇಗೆ? ಎದುರೆದುರೇ ಕೇಳಿದರೆ ಗಂಡ ಹೆಂಡತಿಯ ನಡುವೆ ಮತ್ತೆ ಜಗಳ, ದಾಕ್ಷಿಣ್ಯ. ಅದಕ್ಕೆ ಅವನು ತನಗೆ ಗೊತ್ತಿದ್ದ ಉಪಾಯವನ್ನೇ ಹೂಡಿದ. ಪಡಸಾಲೆಯ ಮಂಚದ ಮೇಲೆ ಕೂತು ತೊಡೆಯ ಮೇಲೆ ಟವೆಲ್ ಹಾಸಿಕೊಂಡ. ಒಬ್ಬೊಬ್ಬರೇ ಬಂದು ಕೈ ಕೊಡಬೇಕು. ಒಂದು ಬೆರಳೆಂದರೆ ಕರೆಂಟಿನ ಗಾಡಿ, ಎರಡೆಂದರೆ ಹೈಬ್ರಿಡ್. ಯಾರು ಯಾವುದು ಹಿಡಿದರು ಎಂದು ಯಾರಿಗೂ ತಿಳಿಯುವುದಿಲ್ಲ.

ಸಿಂಧು ಬಂದು ಒಂದು ಬೆರಳು ಹಿಡಿದಳು. ಮಾಂತು ಬಂದು ಎರಡು ಹಿಡಿದ. ಇದು ಗುಟ್ಟಾಗಿತ್ತು ಎಂದು ನಂಬಿದವನು ಫಕೀರಪ್ಪ ಒಬ್ಬನೇ. ಸಮಸಮವಾಯಿತು, ಇನ್ನು ತನ್ನ ಮಾತೇ ಕೊನೆಯ ಮಾತು ಎಂದು ಅವನು ಗಂಟಲು ಸರಿಮಾಡಿಕೊಂಡು ಟವೆಲ್ ಮಡಚತೊಡಗಿದ.

ಚನ್ನಬಸವ್ವ ಒಳಗಿನಿಂದ ಬಂದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮಂಚದ ಅಂಚಿಗೆ ಕೂತಳು.

"ನನ್ನ ಕೈ ಉಳೀತು."

ಇವಳನ್ನೂ ಕೇಳಬೇಕಿತ್ತು ಎಂಬುದು ಫಕೀರಪ್ಪನ ತಲೆಗೇ ಬಂದಿರಲಿಲ್ಲ. ಟವೆಲ್ ಮತ್ತೆ ಬಿಚ್ಚಿದ. ಅದರ ಕೆಳಗೆ ಅವಳು ಅವನ ಮೂರು ಬೆರಳು ಹಿಡಿದಳು.

"ಮೂರ ಇಲ್ಲ," ಎಂದ ಅವನು ಮೆಲ್ಲಗೆ.

"ಅದ."

"ಏನ ಅದು?"

"ಟಾವೆಲ್ ಕೆಳಗ ಬಾಯಿ ಬಿಡಬಾರದಂತ ನೀವ ಹೇಳೀರಿ. ಮೊದಲ ಕೈ ಹಿಡೀರಿ, ಆಮ್ಯಾಲ ಹೇಳತೀನಿ."

ಮಾಲು ನೋಡದೆ ಕೈ ಹಿಡಿಯುವ ದಲಾಲ ಲೋಕದಲ್ಲಿಲ್ಲ. ಫಕೀರಪ್ಪ ಬೆರಳು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಒಳಗೆ ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ರೊಟ್ಟಿ ಹೊತ್ತಿದರೂ ಚನ್ನಬಸವ್ವ ಏಳಲಿಲ್ಲ ಎಂಬುದನ್ನು ಕಂಡು ಮನೆಯವರೆಲ್ಲ ಗಾಬರಿಯಾದರು. ಸಿಂಧು ಓಡಿಹೋಗಿ ಗ್ಯಾಸ್ ಆರಿಸಿದಳು.

ಮೆಣಸಿನಕಾಯಿ ಮುಟ್ಟಿ ಅದು ಯಾವ ಊರಿನದೆಂದು ಹೇಳುತ್ತಿದ್ದ ಕೈ ಫಕೀರಪ್ಪನದು. ಹೆಂಡತಿಯ ಕೈಯ ಮೇಲಿನ ಸುಟ್ಟ ಗುರುತುಗಳು, ಬೆರಳ ಸಂದಿಯ ಬಿರುಕು ಇವತ್ತು ಮೊದಲ ಸಲ ಅದಕ್ಕೆ ತಿಳಿದವು. ಈ ಕೈಯನ್ನು ತಾನು ಹಿಡಿದು ಎಷ್ಟು ಕಾಲವಾಯಿತು ಎಂದು ಫಕೀರಪ್ಪ ಯೋಚಿಸಿದ, ನೆನಪಾಗಲಿಲ್ಲ. ಮನಸ್ಸಿಗೆ ಕೆಟ್ಟದೆನಿಸಿತು. ಮೂರು ಎಂದರೆ ಏನೋ ಬಂಗಾರ ಕೇಳುತ್ತಾಳೆ, ಕೇಳಲಿ ಎಂದುಕೊಂಡು ಅವಳ ಇಡೀ ಕೈಯನ್ನು ಬಿಗಿಯಾಗಿ ಹಿಡಿದ.

ಚನ್ನಬಸವ್ವ ಟವೆಲ್ ತೆಗೆದು ಮಂಚದ ಮೇಲಿಟ್ಟಳು. "ಗಾಡಿ ಹೊಡಿಯಾಕಿ ನಾನು. ಯಾವ ಗಾಡಿ ತರಬೇಕನ್ನೂದೂ ನಾನ ಹೇಳತೀನಿ."

ಮಾಂತು ನಕ್ಕ. ಅವಳು ಹೆದರಿದ್ದದ್ದೇ ಅದಕ್ಕೆ. ಆದರೆ ಅವನಿಗೆ ಬಹಳ ಹೊತ್ತು ನಗಲು ಆಗಲಿಲ್ಲ, ಸಿಂಧು ಫೋನಿನಲ್ಲಿದ್ದ ಲೈಸೆನ್ಸನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು. ಅದರಲ್ಲಿ ಅವನ ತಾಯಿ, ಕುಂಕುಮ ವಿಭೂತಿ ಸಮೇತ, ಜಗಳಕ್ಕೆ ನಿಂತವಳ ಹಾಗೆ ನೋಡುತ್ತಿದ್ದಳು.

"ಅವ್ವಾ, ನೀ? ಸ್ವಾರಗೇಟದ ಟ್ರಾಫಿಕ್‌ನಾಗ?"

"ಪರೀಕ್ಷಾ ಅಲ್ಲಿಂದ ಮುಂದನೇ ಇತ್ತಪ್ಪಾ."

ಎಲ್ಲರೂ ಫಕೀರಪ್ಪನ ಮುಖ ನೋಡಿದರು. ಅವನು ತನ್ನ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಆಗುವುದಿಲ್ಲ ಎನ್ನುವ ಮಾತು ಅವನ ಬಾಯಿಯ ತನಕ ಬಂತು. ಆದರೆ ಕೈ ಹಿಡಿದ ಮೇಲೆ ಮಾತು ತಿರುಗಿಸುವವನು ಮನುಷ್ಯನೇ ಅಲ್ಲ ಎಂದು ಆ ವಾರವೆಲ್ಲ ಊರಿಗೇ ಕೇಳುವಂತೆ ಹೇಳಿಕೊಂಡು ತಿರುಗಿದ್ದ. ಯಾರ್ಡಿನ ವ್ಯಾಪಾರಿಗಳಿಗೆ ಬೇಕಾದರೆ ಸುಳ್ಳು ಹೇಳಬಹುದು, ಹಾಲಿನವನು ನಾಳೆ ಬೆಳಿಗ್ಗೆ ಬಂದೇ ಬರುತ್ತಾನೆ.

"ಕೈ ಹಿಡದೀನಿ," ಎಂದ ಅವನು ಕೊನೆಗೆ, ಜ್ವರ ಬಂದವನ ದನಿಯಲ್ಲಿ. "ಹಿಡದ ಮ್ಯಾಲ ಮುಗೀತು. ಊಟಕ್ಕ ಹಾಕ್ರಿ."

ಊಟಕ್ಕೆ ಹೊತ್ತಿದ ರೊಟ್ಟಿಯಿತ್ತು. ಎಲ್ಲರೂ ಅದನ್ನೇ ಮುರಿದುಕೊಂಡು ತಿಂದರು.

ಮಾಂತು ಕೊನೆಯ ಪ್ರಯತ್ನ ಮಾಡದೆ ಇರಲಿಲ್ಲ. ಎಲೆಕ್ಟ್ರಿಕ್ ಒಂದನ್ನೇ ನೋಡಿ ಆರಿಸುವುದು ನ್ಯಾಯವಲ್ಲ, ಹೈಬ್ರಿಡ್‌ ಅನ್ನೂ ಓಡಿಸಿ ನೋಡು ಎಂದು ಬೇರೆ ಶೋರೂಮಿನವರಿಂದ ಟ್ರಯಲಿಗೆ ಕಾರು ತರಿಸಿದ. ಅಷ್ಟು ದೊಡ್ಡ ಗಾಡಿ ಕಂಡು ಅವ್ವ ತಾನೇ ಹಿಂದೆ ಸರಿಯುತ್ತಾಳೆ ಎಂಬುದು ಅವನ ಲೆಕ್ಕ. ಚನ್ನಬಸವ್ವ ಸೆರಗು ಸಿಕ್ಕಿಸಿಕೊಂಡು ಕೂತು, ಬಿಬವೇವಾಡಿಯ ಮಾರ್ಕೆಟ್ಟಿನ ಸುತ್ತ ಒಂದು ಸುತ್ತು ಹಾಕಿ, ನಿಧಾನವಾಗಿ, ಯಾವ ಎಮ್ಮೆಗೂ ಯಾವ ಸ್ಕೂಟರಿಗೂ ತಾಗಿಸದೆ ವಾಪಸು ತಂದಳು. ಹಿಮ್ಮುಖವಾಗಿ ತಮ್ಮ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿಯೂ ಬಿಟ್ಟಳು. ಮಾಂತುವಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಆದವು.

ಆದರೆ ಆ ಜಾಗದ ಒಂದು ಪಕ್ಕಕ್ಕೆ ಸೊಸೈಟಿಯ ಕಂಬ, ಇನ್ನೊಂದು ಪಕ್ಕಕ್ಕೆ ನೆರೆಯವರ ಕಾರು. ನಿಂತ ಹೈಬ್ರಿಡ್‌ನ ಬಾಗಿಲು ಗೇಣಿನಷ್ಟು ಮಾತ್ರ ತೆರೆಯಿತು. ಚನ್ನಬಸವ್ವ ಒಳಗೇ ಉಳಿದಳು. ಕಿಟಕಿ ಇಳಿಸಿ, ಮಗನನ್ನು ಹತ್ತಿರ ಕರೆದು, ಸಮಾಧಾನದಿಂದ ಹೇಳಿದಳು:

"ಗಾಡಿ ಛಲೋ ಅದ ಮಾಂತು. ಇಳಿಯೂದೊಂದು ಬಿಟ್ರ."

"ಮತ್ತ ಊರಿಗಿ ಹೋಗೂದು, ಅವ್ವಾ?"

"ಊರಿಗಿ ಸ್ವಾರಗೇಟದಾಗ ಬಸ್ ಅದ. ಇಷ್ಟ ವರ್ಷ ಹೆಂಗ ಹೋಗೀವಿ?"

ಸಣ್ಣ ಎಲೆಕ್ಟ್ರಿಕ್ ಕಾರು ಅಂತೂ ಪಕ್ಕಾ ಆಯಿತು. ಇನ್ನು ಉಳಿದದ್ದು ಚಾರ್ಜಿಂಗ್ ಪಾಯಿಂಟು. ಸೊಸೈಟಿಯ ಸೆಕ್ರೆಟರಿ ಮಧುಕರ ಸಾಹೇಬರು ಮರಾಠಿಯಲ್ಲಿ ಅನೇಕ ಆಕ್ಷೇಪಣೆ ಎತ್ತಿದರು. ತಂತಿ ಎಳೆದರೆ ಗೋಡೆ ಕೆಡುತ್ತದೆ, ಬೆಂಕಿ ಬಿದ್ದರೆ ಹೊಣೆ ಯಾರು, ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ಫಕೀರಪ್ಪ ಮೀಟಿಂಗಿನಲ್ಲಿ ಕೂಗಾಡಿ ಬಂದ, ಮಾಂತು ಕಾಯಿದೆಯ ಪ್ರಿಂಟ್ ತೆಗೆದು ಕೊಟ್ಟು ಬಂದ. ಎರಡರಿಂದಲೂ ತಂತಿ ಒಂದಿಂಚು ಮುಂದೆ ಬರಲಿಲ್ಲ.

ಚನ್ನಬಸವ್ವ ಮಧುಕರರ ಮನೆಗೆ ಹೋಗಿ ಅವರ ತಾಯಿಯ ಹತ್ತಿರ ಕೂತಳು. ತನ್ನ ಅರೆಬರೆ ಮರಾಠಿಯಲ್ಲಿ, ಕಾರು ಬಂದ ಮೇಲೆ ನಿಮ್ಮನ್ನು ಮಂಗಳವಾರ ಮಂಗಳವಾರ ಗಣಪತಿ ಗುಡಿಗೆ ಕರೆದುಕೊಂಡು ಹೋಗುತ್ತೇನೆ, ಇನ್ನೂ ಇಬ್ಬರು ಹಿಡಿಸುತ್ತಾರೆ ಎಂದಳು. ಆ ಕಟ್ಟಡದಲ್ಲಿ ಮಗನಿಗಾಗಿ, ರಿಕ್ಷಾಕ್ಕಾಗಿ ಕಾಯುತ್ತ ಕೂತ ಮುದುಕಿಯರು ಎಷ್ಟಿದ್ದಾರೆಂದು ಸೆಕ್ರೆಟರಿಗೆ ಗೊತ್ತಿರಲಿಲ್ಲ. ಮುಂದಿನ ಮೀಟಿಂಗಿಗೆ ಯಾವತ್ತೂ ಬಾರದ ಅಜ್ಜಿಯರೆಲ್ಲ ಕೋಲು ಊರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಮಧುಕರ ಸಾಹೇಬರು ತಮ್ಮ ತಾಯಿಯ ಕಣ್ಣು ತಪ್ಪಿಸುತ್ತ ಠರಾವು ಓದಿದರು, ಎಲ್ಲರೂ ಕೈ ಎತ್ತಿದರು.

ದಸರೆಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಬಿಳಿಯ ಪುಟ್ಟ ಕಾರು, ಅದರ ಎದುರು ನಿಂತ ಫಕೀರಪ್ಪ ಇನ್ನೂ ದೊಡ್ಡವನಾಗಿ ಕಾಣುತ್ತಿದ್ದ. ಮೆಣಸಿನಕಾಯಿ ಚೀಲ ಇದರೊಳಗೆ ಬರಕೂಡದು ಎಂದು ಸಿಂಧು ಮೊದಲೇ ಕರಾರು ಮಾಡಿದ್ದಳು. ಚನ್ನಬಸವ್ವ ಸ್ಟೇರಿಂಗಿಗೆ ಕುಂಕುಮ ಹಚ್ಚಿ ಕೂತಳು. ಮೊದಲ ಸವಾರಿ ನಾಗವ್ವನ ಮನೆಗೆ, ಕಾತ್ರಜಕ್ಕೆ. ಮನೆಯ ಯಜಮಾನ ಮುಂದೆ ಕೂರಬೇಕು ಎಂದು ಫಕೀರಪ್ಪ ಪಕ್ಕದ ಸೀಟಿಗೆ ಹತ್ತಿದ. ಹೊಸ ಗಾಡಿ, ಪೂಜೆಯಾದ ಗಾಡಿ ಎಂದು ಚಪ್ಪಲಿಯನ್ನು ಪಾರ್ಕಿಂಗಿನಲ್ಲೇ ಕಳಚಿಟ್ಟ.

ಗೇಟು ದಾಟುವ ಮೊದಲೇ ಶುರುವಾಯಿತು. ಎಡಕ್ಕ ತಗೋ. ಅಷ್ಟ ಎಡಕ್ಕ ಬ್ಯಾಡ. ಬ್ರೇಕ್. ಆ ಮುದುಕನ್ನ ನೋಡು. ಹಾರ್ನ್ ಹೊಡಿ. ಇಷ್ಟ ಯಾಕ ಹಾರ್ನ್ ಹೊಡೀತಿ? ಗಾಡಿ ಸಪ್ಪಳಾನ ಮಾಡವಲ್ದು, ಬಂದಾಗೇತೇನ್ ನೋಡು. ಸಿಗ್ನಲ್ಲಿನಲ್ಲಿ ಅವನು ಎರಡೂ ಕಾಲಿನಿಂದ ನೆಲ ಒತ್ತಿದ. ತಿರುವಿನಲ್ಲಿ ದೇವರ ಹೆಸರು ಹೇಳಿದ. ಒಂದು ಕಡೆ ಸ್ಟೇರಿಂಗಿಗೇ ಕೈ ಹಾಕಿದ.

ಚನ್ನಬಸವ್ವ ಇಂಡಿಕೇಟರ್ ಹಾಕಿ, ಒಬ್ಬ ಎಳನೀರಿನವನ ಗಾಡಿಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿದಳು.

"ಇಳೀರಿ."

"ಯಾಕ?"

"ನೀವು ಕುಂತ್ರ ನಾ ಯಾರಿಗರ ಗುದ್ದತೀನಿ. ಇಳೀರಿ. ಬರೂಮುಂದ ಕರಕೊಂಡ ಹೋಗತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಫಕೀರಪ್ಪ ಬಾಗಿಲು ತೆರೆದು ಇಳಿದ. ಕಾರು ಸದ್ದಿಲ್ಲದೆ ಹೋಗಿಬಿಟ್ಟಿತು. ಅಷ್ಟು ಟ್ರಕ್ಕು ಬಸ್ಸುಗಳ ನಡುವೆ ಆ ಬಿಳಿಯ ಪುಟ್ಟ ಕಾರು ಒಂದು ಕಡೆಯೂ ತಡವರಿಸದೆ, ತನ್ನ ಸಾಲು ಬಿಡದೆ ಹೋಗುವುದನ್ನು ಅವನು ಬಾಯಿ ತೆರೆದು ನೋಡಿದ. ಎದೆ ಉಬ್ಬಿತು. ಆಮೇಲೆ ಅಂಗಾಲು ಸುಟ್ಟಿತು. ಆಗ ಚಪ್ಪಲಿಯ ನೆನಪಾಯಿತು.

ಮಾಂತುವಿಗೆ ಫೋನು ಮಾಡಿದ. ಸಿಂಧುವಿನ ಆಫೀಸಿನವರು ಹಬ್ಬಕ್ಕೆ ಬಂದಿದ್ದಾರೆ, ಇನ್ನೊಂದು ಐದು ನಿಮಿಷ, ಬರುತ್ತೇನೆ ಎಂದ ಮಾಂತು. ಬರಲಿಲ್ಲ. ಹೆಂಡತಿಗೆ ಫೋನು ಮಾಡಿದ. ಗಾಡಿ ಹೊಡೆಯುವಾಗ ಫೋನು ಎತ್ತಬಾರದೆಂದು ಶೀತಲ್ ಕಲಿಸಿದ್ದಳು, ಅವಳು ಎತ್ತಲಿಲ್ಲ. ರಿಕ್ಷಾದವರು ಬರಿಗಾಲಿನ ಮುದುಕನನ್ನು ನೋಡಿ, ಹತ್ತಿರದ ದಾರಿಯೆಂದು ತಿಳಿದು, ತಲೆಯಾಡಿಸಿ ಮುಂದೆ ಹೋದರು. ಎಳನೀರಿನವನು ಒಂದು ಗೋಣಿಚೀಲ ಹಾಸಿ, ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದ. ಹೆಂಡತಿಗಾಗಿ ಎಂದ ಫಕೀರಪ್ಪ. ಎಲ್ಲಿ ಹೋಗಿದ್ದಾರೆ ಎಂದರೆ ಏನು ಹೇಳುವುದು? ಅವಳಿಗೆ ಬೇಕಾದಲ್ಲಿಗೆ ಹೋಗಿದ್ದಾಳೆ.

ಅವನು ಒಂದು ಎಳನೀರು ಕುಡಿದ. ಇನ್ನೊಂದು ಕುಡಿದ. ಬರುವ ಪ್ರತಿ ಬಿಳಿಯ ಕಾರಿಗೂ ಎದ್ದು ನಿಂತ, ಕೂತ. ಈಗ ಬಂದಾಳು, ಈಗ ಬಂದಾಳು ಎಂದು ಆ ಕಡೆಯೇ ನೋಡಿ ಕಣ್ಣು ನೊಂದಿತು. ಯಾರದೋ ಕೈಯಲ್ಲಿ ತನ್ನ ದಿನ ಸಿಕ್ಕಿಹಾಕಿಕೊಂಡಿರುವುದು ಎಂಥ ಸಂಕಟ ಎಂದು ಅವನಿಗೆ ಅರವತ್ತು ದಾಟಿದ ಮೇಲೆ, ಒಂದು ಗೋಣಿಚೀಲದ ಮೇಲೆ, ಮೊದಲ ಸಲ ತಿಳಿಯಿತು.

ಹಿಂದಿನಿಂದ ಹಾರ್ನ್ ಕೇಳಿ ಬೆಚ್ಚಿಬಿದ್ದ. ಕಾರು ಬಂದದ್ದೇ ಕೇಳಿಸಿರಲಿಲ್ಲ. ಚನ್ನಬಸವ್ವ ಕಿಟಕಿ ಇಳಿಸಿದಳು. ಅವಳ ಮುಡಿಯಲ್ಲಿ ನಾಗವ್ವ ಮುಡಿಸಿದ ಮಲ್ಲಿಗೆ, ಮುಖದಲ್ಲಿ ಅವನು ಎಂದೂ ಕಾಣದ ಒಂದು ಕಳೆ.

"ಭಾಳ ಹೊತ್ತಾತೇನ್ರಿ?"

ಬೈಯಬೇಕೆಂದು ಅಂದುಕೊಂಡಿದ್ದ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಅವನು ಬಾಗಿಲ ಮೇಲೆ ಕೈಯಿಟ್ಟು ನಿಂತ.

"ಆತು," ಎಂದ. "ಕಾಯೂದು ಭಾಳ ತ್ರಾಸ ಅದ, ಬಸವ್ವಾ. ನನಗ ಗೊತ್ತಿದ್ದಿಲ್ಲ."

ಚನ್ನಬಸವ್ವ ಅವನನ್ನು ನೋಡಿದಳು. ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಎತ್ತಿದವಳು ಮತ್ತೆ ಸ್ಟೇರಿಂಗಿನ ಮೇಲಿಟ್ಟಳು.

"ಹತ್ರಿ ಲಗೂನ," ಎಂದಳು. "ಹಿಂದ ಬಸ್ಸಿನಾಂವ ಒದರಾಕತ್ತಾನ."